ವಿಷಯ: ‘ಸ್ವಕೃತಿಚೌರ್ಯ’ ಎಂಬ ಪದ ಸಾಧುವೇ? (ತುರ್ತು)

ಮಾನ್ಯರೇ,
ಸಂಶೋಧನಾ ವಿದ್ಯಾರ್ಥಿಗಳ ಕೈಪಿಡಿಯೊಂದು ಸೋಮವಾರ ಅಚ್ಚಿಗೆ ಹೋಗಲಿದೆ. ಪ್ಲೇಜಿಯರಿಸಂಗೆ ‘ಕೃತಿಚೌರ್ಯ’ ರೂಢಿಯಲ್ಲಿರುವುದರಿಂದ ಅದರ ಬಗ್ಗೆ ತಕರಾರಿಲ್ಲ, ತೊಡಕಿರುವುದು ಸೆಲ್ಫ್-ಪ್ಲೇಜಿಯರಿಸಂನಲ್ಲಿ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯು ಇತರರ ಕೃತಿಯನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸುವುದನ್ನು ಕೃತಿಚೌರ್ಯವೆನ್ನುತ್ತದೆ. ತಾನೇ ಹಿಂದೆ ಪ್ರಕಟಿಸಿದ್ದನ್ನು ತಕ್ಕ ಉಲ್ಲೇಖವಿಲ್ಲದೆ ಹೊಸದೆಂಬಂತೆ ಮತ್ತೆ ಒಪ್ಪಿಸಿ ಲಾಭ ಪಡೆಯುವುದು ಸಲ್ಲದೆಂದು 2020ರಲ್ಲಿ ಬೇರೆಯೇ ಪ್ರಕಟಣೆ ಹೊರಟಿತು. ಒಂದೇ ಲೇಖನವನ್ನು ಪತ್ರಿಕೆಗೂ ಸಂಪಾದಿತ ಗ್ರಂಥಕ್ಕೂ ಕೊಡುವ ವಿದ್ಯಾರ್ಥಿಗೆ ‘ಸ್ವಕೃತಿಚೌರ್ಯ’ ಎಂದರೆ ಅರ್ಥವಾದೀತೇ?

ಉತ್ತರ:
ಸಮಾಸವೇ ಅಸಂಬದ್ಧ. ಪರಸ್ವತ್ತಿಲ್ಲದೆ ಚೌರ್ಯವೆಲ್ಲಿಯದು? ‘ಕೃತಿಚೌರ್ಯ’ವನ್ನೂ ಬಿಟ್ಟು ‘ಕೃತಿಹರಣ’ವೆನ್ನಿ. ಸಂಸ್ಕೃತ ಕವಿ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ಭೇದಸಹಿತ ವಿವೇಚಿಸಿ, ಕಳ್ಳನಲ್ಲದ ಕವಿಯೂ ಇಲ್ಲ, ವರ್ತಕನೂ ಇಲ್ಲ ಎಂದಿದ್ದಾನೆ. ಲ್ಯಾಟಿನ್ನಿನ ಪ್ಲೇಜಿಯಾರಿಯಸ್ ಕೂಡ ಮನುಷ್ಯರನ್ನು ಅಪಹರಿಸುವವನೇ. ರೋಮಿನ ಕವಿ ಮಾರ್ಷಲ್ ತನ್ನ ಪದ್ಯಗಳನ್ನು ಕದ್ದವನಿಗೆ ಆ ಹೆಸರಿಟ್ಟ.

ಉತ್ತರ:
ಹರಣಕ್ಕೂ ಪರಸ್ವತ್ತೇ ಬೇಕಲ್ಲವೇ? ಕೇಳಿದ ಪ್ರಶ್ನೆ ಇದ್ದಲ್ಲೇ ಇದೆ. ‘ಕಳವು’ ಎಂಬ ನಮ್ಮದೇ ಮಾತಿರುವಾಗ ಸಂಸ್ಕೃತದ ಬಾಗಿಲಿಗೆ ಏಕೆ ಹೋಗಬೇಕು? ‘ಬರಹಗಳವು’ (ಬರಹ + ಕಳವು) ಎನ್ನಿ.

ಉತ್ತರ:
‘ಬರಹಗಳವು’ ಎಂದು ಬರೆದರೆ ಕರಡು ತಿದ್ದುವವರು ಅದನ್ನು ‘ಬರಹಗಳು’ ಎಂದು ತಿದ್ದಿ ಕಳಿಸುತ್ತಾರೆ. ಎರವಲು ಪದ ಬೇಡವೆನ್ನುವವರು ಯುಜಿಸಿ ನಿಯಮಾವಳಿಯ ‘ಡೇಟಾ’ಕ್ಕೂ ಒಂದು ಅಚ್ಚಗನ್ನಡದ ಪದ ಕೊಟ್ಟು ಮುಂದುವರಿಯಲಿ.

ನನ್ನ ಆಕ್ಷೇಪ ಬೇರೆ. ಕೃತಿಚೌರ್ಯ ಪತ್ತೆಗೆ ಬಳಸುವ ತಂತ್ರಾಂಶ ಅಳೆಯುವುದು ಹೋಲಿಕೆಯನ್ನು, ಕಳ್ಳತನವನ್ನಲ್ಲ. ಯುಜಿಸಿ ನಿಯಮಾವಳಿಯಂತೆ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ; ಅದನ್ನು ಮೀರಿ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ಪರಿಷ್ಕರಿಸಿ ಒಪ್ಪಿಸಬೇಕು, 60ರವರೆಗಾದರೆ ಪರಿಷ್ಕೃತ ಪ್ರಬಂಧವನ್ನೂ ಒಂದು ವರ್ಷ ಒಪ್ಪಿಸುವಂತಿಲ್ಲ, ಅದಕ್ಕೂ ಹೆಚ್ಚಿದ್ದರೆ ನೋಂದಣಿಯೇ ರದ್ದು. ಆಕರ ಸಹಿತ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಉದ್ಧರಣ ಚಿಹ್ನೆ ಹಾಕಲು ಮರೆತವನೂ ಅಧ್ಯಾಯವನ್ನೇ ಎತ್ತಿದವನೂ ಒಂದೇ ಪದದಡಿ ಬರುತ್ತಿರುವಾಗ, ತನ್ನದನ್ನೇ ಮತ್ತೆ ಬಳಸಿದವನಿಗೂ ‘ಚೌರ್ಯ’ ಅಂಟಿಸುವುದು ಅನ್ಯಾಯ. ಯುಜಿಸಿಯ ಪ್ರಕಟಣೆಯೇ ಇದಕ್ಕೆ ಟೆಕ್ಸ್ಟ್ ರೀಸೈಕ್ಲಿಂಗ್ (ಬರಹದ ಮರುಬಳಕೆ) ಎಂಬ ಹೆಸರನ್ನೂ ಕೊಟ್ಟಿದೆ. ‘ಸ್ವಂತ ಬರಹದ ಉಲ್ಲೇಖರಹಿತ ಮರುಬಳಕೆ’ ಎನ್ನಿ: ತಪ್ಪಿರುವುದು ಮರುಬಳಕೆಯಲ್ಲಲ್ಲ, ಮುಚ್ಚಿಟ್ಟದ್ದರಲ್ಲಿ.

ಉತ್ತರ:
ಇದು ಪದವಲ್ಲ, ವಾಕ್ಯ. ಪಾರಿಭಾಷಿಕ ಶಬ್ದವೆಂದರೇನೆಂದು ತಿಳಿಯದವರೊಡನೆ ವಾದವಿಲ್ಲ.

ಮಾನ್ಯರೇ,
ಉದ್ದವಾದರೂ ಕೈಪಿಡಿಯಲ್ಲಿ ‘ಸ್ವಂತ ಬರಹದ ಉಲ್ಲೇಖರಹಿತ ಮರುಬಳಕೆ’ ಎಂದೇ ಬರೆದು, ಶೀರ್ಷಿಕೆಯಲ್ಲಿ ‘ಸ್ವಬರಹದ ಮರುಬಳಕೆ’ ಎಂದಷ್ಟೇ ಉಳಿಸಿಕೊಳ್ಳುತ್ತೇನೆ. ‘ಹರಣ’ದ ಚರ್ಚೆಯನ್ನು ದಯವಿಟ್ಟು ಬೇರೆ ವಿಷಯಸೂಚಿಯಡಿ ಮುಂದುವರಿಸಿ.