ಪೋಕರ್ ಚಲೋ ಆಡಾಕ ಎಷ್ಟು ತಿಂಗಳು ಬೇಕ್ರಿ?

ಪ್ರಶ್ನೆ (ಸಿಂಧನೂರು): ನಾವು ನಾಲ್ಕು ಮಂದಿ ತೀನ್ ಪತ್ತಿ ಆಡೋರು. ಈಗ ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರ್ ಕಲೀಬೇಕಂತ ಮಾಡೀವಿ, ರೊಕ್ಕ ಇಲ್ಲದ, ಬರೇ ಚಿಪ್ಸ್ (ಆಟದ ಬಿಲ್ಲೆ) ಮ್ಯಾಲೆ. ಕೈ ಕುದುರಾಕ ಎಷ್ಟು ದಿನ ಹಿಡಿತೈತಿ?

ಗಂಗಾವತಿಯಿಂದ: ನಿಯಮ ಒಂದೇ ಸಂಜೆಗೆ ಬರ್ತಾವ. ತೀನ್ ಪತ್ತಿಯಾಗ ಸೀಕ್ವೆನ್ಸ್ (ಸಾಲಾಗಿ ಬಂದ ಎಲೆ) ದೊಡ್ಡದು, ಕಲರ್ (ಒಂದೇ ಜಾತಿಯ ಎಲೆ) ಸಣ್ಣದು. ಪೋಕರ್‌ನಾಗ ಉಲ್ಟಾ, ಫ್ಲಶ್ (ಒಂದೇ ಜಾತಿಯ ಐದು ಎಲೆ) ಸ್ಟ್ರೇಟನ್ನ (ಸಾಲಾಗಿ ಬಂದ ಐದು ಎಲೆ) ಹೊಡಿತೈತಿ. ಇಲ್ಲೇ ಭಾಳ ಮಂದಿ ಎಡವ್ತಾರ. ದಿನಾ ಒಂದು ತಾಸು ಕೂತ್ರ ಆರು ತಿಂಗಳಿಗೆ ಗೆಳೆಯರ ನಡುವೆ ಗಟ್ಟಿ ಆಗ್ತೀರಿ. ಬಂದ ಎಲೆಯೆಲ್ಲಾ ಆಡಬ್ಯಾಡ್ರಿ. ಒಂಬತ್ತು ಮಂದಿ ಕೂತಾಗ ಐದರಾಗ ನಾಲ್ಕು ಸಲ ಎಲೆ ಕೆಳಗಿಡೋದೇ ಸರಿ. ನಾಲ್ಕೇ ಮಂದಿ ಇದ್ರ ಇನ್ನಷ್ಟು ಆಡಬಹುದು.

ಬಳ್ಳಾರಿಯಿಂದ: ಲೆಕ್ಕ ಬಾಯಿಗೆ ಬರೋತನಕ ಆಡಿದ್ದು ಆಟ ಅಲ್ರಿ. ಪಾಟ್‌ನಾಗ (ಎಲ್ಲರೂ ನಡುವೆ ಹಾಕಿದ ಚಿಪ್ಸ್) 100 ಐತಿ, ಎದುರಿನವ 50 ಹಾಕಿದ. ನೀವೂ 50 ಹಾಕಿದ್ರ ಒಟ್ಟು 200, ಅಂದ್ರ ಗೆಲ್ಲೋ ಅವಕಾಶ 25% ಆದರೂ ಇರಬೇಕು. ಫ್ಲಾಪ್‌ಗೆ (ನಡುವೆ ಮೊದಲ ಮೂರು ಎಲೆ ತೆರೆದಾಗ) ನಿಮಗ ನಾಲ್ಕು ಆಟೀನ್ ಕೂಡಿದ್ರ ಫ್ಲಶ್ ಆಗಾಕ ಇನ್ನೊಂದು ಬೇಕು, ಉಳಿದ ಆಟೀನ್ 9 ಎಲೆ. ಮುಂದಿನ ಒಂದೇ ಎಲೆಗೆ ಸುಮಾರು 19%, ಎರಡೂ ಎಲೆಗೆ 35%. ಆಲ್ ಇನ್ ಆಗಿದ್ರ (ಇದ್ದ ಚಿಪ್ಸ್ ಎಲ್ಲಾ ಹಾಕಿದ್ರ) 35 ಹಿಡೀರಿ. ಮುಂದೆ ಇನ್ನೂ ಬೆಟ್ ಬರೋದಿದ್ರ 19. ಹೊಸಬರು ಯಾವಾಗಲೂ 35 ಹಿಡಿದು ಚಿಪ್ಸ್ ಕಳ್ಕೊಂತಾರ.

ಪ್ರಶ್ನೆ ಕೇಳಿದವರು: ವಾರಗಟ್ಟಲೆ ಒಬ್ಬನೇ ಗೆದ್ರ ಅಂವ ಕಲಿತಾನಂತನಾ?

ಗಂಗಾವತಿಯಿಂದ: ಇಲ್ರಿ. ಟೇಬಲ್‌ನಾಗ ತಾಸಿಗೆ 25–30 ಕೈ (ಒಮ್ಮೆ ಎಲೆ ಹಂಚಿ ಆಡೋ ಸುತ್ತು) ಅಷ್ಟೇ. ಅದೃಷ್ಟ ಬಿಟ್ಟು ಜಾಣತನ ಕಾಣಾಕ ಹತ್ತಾರು ಸಾವಿರ ಕೈ ಬೇಕು. ಹಂಗಾಗಿ ಗೆಲುವು ಎಣಿಸಬ್ಯಾಡ್ರಿ, ಅನುಮಾನ ಬಂದ ಕೈ ಬರೆದಿಟ್ಟು ಮರುದಿನ ಲೆಕ್ಕ ಹಾಕ್ರಿ.