ಸ್ಪ್ಲೀನಿಯಂ ನಡುವೆ ಬಿಳಿ ಮಚ್ಚೆ: ಸ್ಟ್ರೋಕ್ ಅನ್ನಬಹುದೇ?

ಪ್ರಶ್ನೆ:
24 ವರ್ಷದ ರೋಗಿ. ನಾಲ್ಕು ದಿನದ ಜ್ವರ, ನಿನ್ನೆಯಿಂದ ಅಸಂಬದ್ಧ ಮಾತು. ಎಂಆರ್‌ಐನಲ್ಲಿ ಕಾರ್ಪಸ್ ಕಲೋಸಮ್‌ನ (ಮಿದುಳಿನ ಎರಡು ಗೋಳಾರ್ಧ ಜೋಡಿಸುವ ನರತಂತುಗಳ ಸೇತುವೆ) ಹಿಂತುದಿ, ಅಂದರೆ ಸ್ಪ್ಲೀನಿಯಂನ ನಟ್ಟನಡುವೆ ಅಂಡಾಕಾರದ ಮಚ್ಚೆ. ನೀರಿನ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ, ಆ ಓಡಾಟದ ಅಳತೆಯಾದ ಎಡಿಸಿಯಲ್ಲಿ ಕಪ್ಪಗೆ. ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ ಸ್ಕ್ಯಾನ್ ದ್ರವ) ಹಿಡಿದಿಲ್ಲ. ಎಡಿಸಿ ಇಳಿದ ಮೇಲೆ ಇನ್‌ಫಾರ್ಕ್ಟ್ (ರಕ್ತ ನಿಂತು ಸತ್ತ ಭಾಗ, ಅಂದರೆ ಸ್ಟ್ರೋಕ್) ಎಂದೇ ಓದಬೇಕಲ್ಲವೇ? ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಹೊದಿಕೆ ಹಾಳಾಗುವ ರೋಗ) ಇರಬಹುದೇ?

ಉತ್ತರ 1:
ಎಡಿಸಿ ಇಳಿದಿದ್ದರೆ ನೀರಿನ ಓಡಾಟ ಕುಗ್ಗಿದೆ ಅಂತಷ್ಟೇ ಅರ್ಥ, ರಕ್ತ ನಿಂತಿದೆ ಅಂತಲ್ಲ. ಸೋಂಕಿನಲ್ಲಿ ಸೈಟೋಕೈನ್ (ಉರಿಯೂತದ ಸಂದೇಶ ಹೊರುವ ಪ್ರೋಟೀನ್) ಏರಿದಾಗ ಗ್ಲುಟಮೇಟ್ (ನರಕೋಶಗಳ ಸಂದೇಶವಾಹಕ ರಾಸಾಯನಿಕ) ಉಕ್ಕಿ ಕೋಶಗಳು ಊದಿಕೊಳ್ಳುತ್ತವೆ. ಗ್ಲುಟಮೇಟ್ ಗ್ರಾಹಕಗಳು ದಟ್ಟವಾಗಿರುವ ಸ್ಪ್ಲೀನಿಯಂ ಮೊದಲು ಪೆಟ್ಟು ತಿನ್ನುತ್ತದೆ. ಇದಕ್ಕೆ ಸೈಟೋಟಾಕ್ಸಿಕ್ ಲೀಷನ್ (ಕೋಶಗಳು ಊದಿ ಆದ ಮಚ್ಚೆ) ಅನ್ನುತ್ತಾರೆ.

ಇನ್‌ಫಾರ್ಕ್ಟ್ ಆಗಿದ್ದರೆ ಮಚ್ಚೆ ಸಾಮಾನ್ಯವಾಗಿ ನಡುಗೆರೆಯಿಂದ ಒಂದು ಪಕ್ಕಕ್ಕೆ ಸರಿದಿರುತ್ತದೆ, ಏಕೆಂದರೆ ರಕ್ತನಾಳಗಳು ಎಡಕ್ಕೊಂದು ಬಲಕ್ಕೊಂದು. ಮುಂಭಾಗಕ್ಕೆ ಆಂಟೀರಿಯರ್ ಸೆರೆಬ್ರಲ್ ನಾಳದ ಪೆರಿಕಲೋಸಲ್ ಶಾಖೆ, ಸ್ಪ್ಲೀನಿಯಂಗೆ ಹೆಚ್ಚಾಗಿ ಪೋಸ್ಟೀರಿಯರ್ ಸೆರೆಬ್ರಲ್ ನಾಳ. ಅದೇ ನಾಳ ರಕ್ತ ಕೊಡುವ ಆಕ್ಸಿಪಿಟಲ್ ಭಾಗವನ್ನೂ (ಮಿದುಳಿನ ಹಿಂಬದಿ) ನೋಡಿ.

ಈಗಲೇ ಮಾಡಬೇಕಾದ್ದು: ಗ್ಲುಕೋಸ್, ಸೋಡಿಯಂ, ಔಷಧದ ಚಾರ್ಟ್. ಫಿಟ್ಸ್ ಮಾತ್ರೆ ದಿಢೀರನೆ ನಿಲ್ಲಿಸಿದರೂ, ಸಕ್ಕರೆ ಕುಸಿದರೂ ಇದೇ ಚಿತ್ರ ಬರುತ್ತದೆ. ಮಚ್ಚೆ ಸಿಕ್ಕಿತೆಂದು ಮೆನಿಂಜೈಟಿಸ್ (ಮಿದುಳ ಪೊರೆಯ ಉರಿಯೂತ) ಹುಡುಕುವುದನ್ನು ಬಿಡಬೇಡಿ.

ಉತ್ತರ 2:
ಎಂಎಸ್ ಪ್ರಶ್ನೆಗೆ: ಆಕ್ಸಿಯಲ್ (ಅಡ್ಡ ಸೀಳಿನ) ಚಿತ್ರ ನಂಬಬೇಡಿ. 5 ಮಿಮೀ ಸ್ಲೈಸ್‌ನಲ್ಲಿ ಕಲೋಸಮ್‌ನ ಒಡಲು ವೆಂಟ್ರಿಕಲ್ (ಮಿದುಳೊಳಗಿನ ದ್ರವದ ಕೋಣೆ) ಜೊತೆ ಕಲಸಿಹೋಗುತ್ತದೆ. ತೆಳು ಸ್ಲೈಸ್‌ನ ಸ್ಯಾಜಿಟಲ್ ಫ್ಲೇರ್ (ಪಕ್ಕದಿಂದ ಕಾಣುವ ಸೀಳು, ದ್ರವದ ಹೊಳಪು ಅಡಗಿಸುವ ಎಂಆರ್‌ಐ) ತೆಗೆಸಿ. ಎಂಎಸ್ ಮಚ್ಚೆಗಳು ಕೆಳ ಅಂಚನ್ನು ಕಚ್ಚಿಕೊಂಡು ಬೆರಳಿನಂತೆ ಮೇಲಕ್ಕೆ ಚಾಚುತ್ತವೆ. ಅಂಚು ಬಿಟ್ಟು ನಡುಪದರದಲ್ಲಿ ಹಿಮದುಂಡೆಯಂಥ ಮಚ್ಚೆಗಳಿದ್ದರೆ ಸೂಸ್ಯಾಕ್ (ಮಿದುಳು, ಕಿವಿ, ರೆಟಿನಾದ ಸಣ್ಣ ರಕ್ತನಾಳಗಳ ರೋಗ) ನೆನಪಾಗಲಿ, ಕಿವಿ ಮತ್ತು ರೆಟಿನಾ ಪರೀಕ್ಷಿಸಿ. ಮೇಲಿನ ಕೆಳಗಿನ ಪದರ ಉಳಿದು ನಡುವಿನದು ಮಾತ್ರ ಉದ್ದಕ್ಕೂ ಹಾಳಾಗಿದ್ದು, ಕುಡಿತದ ಇತಿಹಾಸವೂ ಇದ್ದರೆ ಮಾರ್ಕಿಯಾಫಾವಾ-ಬಿನ್ಯಾಮಿ ರೋಗ: ಥಯಮಿನ್ (ವಿಟಮಿನ್ ಬಿ1) ತಡಮಾಡಬಾರದು.

ಉತ್ತರ 3:
ಒಂದು ಎಚ್ಚರಿಕೆ. ಎರಡೂ ಗೋಳಾರ್ಧಕ್ಕೆ ಚಿಟ್ಟೆಯ ರೆಕ್ಕೆಯಂತೆ ಹರಡಿ ಕಾಂಟ್ರಾಸ್ಟ್ ಹಿಡಿದರೆ ಗ್ಲಯೋಬ್ಲಾಸ್ಟೋಮಾ ಅಥವಾ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆಯಿರಬಹುದು. ಲಿಂಫೋಮಾ ಶಂಕೆಯಿದ್ದು ರೋಗಿ ಸ್ಥಿರವಾಗಿದ್ದರೆ ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಬೇಡ, ಗಡ್ಡೆ ಕರಗಿ ತುಣುಕಿನಲ್ಲಿ ಏನೂ ಸಿಗದೆ ಹೋಗಬಹುದು. ನಿಮ್ಮ ಚಿತ್ರ ಹಾಗಿಲ್ಲ ಬಿಡಿ.

ಪ್ರಶ್ನೆ ಕೇಳಿದವರು:
ಗ್ಲುಕೋಸ್ ಸರಿ ಇದೆ. ಸೋಡಿಯಂ 122. ಫಿಟ್ಸ್ ಮಾತ್ರೆ ಇಲ್ಲ. ಲಂಬಾರ್ ಪಂಕ್ಚರ್‌ಗೆ (ಬೆನ್ನುಹುರಿ ದ್ರವದ ಪರೀಕ್ಷೆ) ಹೇಳಿದ್ದೇವೆ.

ಉತ್ತರ 1:
ಜ್ವರದ ಜೊತೆ ಸೋಡಿಯಂ ಇಳಿಯುವುದು ಈ ಲೀಷನ್‌ನಲ್ಲಿ ಆಗಾಗ ಕಾಣುವಂಥದ್ದೇ. ಏರಿಸುವಾಗ ಅವಸರ ಬೇಡ: 24 ಗಂಟೆಯಲ್ಲಿ ಲೀಟರಿಗೆ 8 ಮಿಲಿಮೋಲ್ ದಾಟದಂತೆ ಆಗಾಗ ಅಳೆಯುತ್ತಿರಿ. ಜಿಗಿದರೆ ಪಾನ್ಸ್‌ನ (ಮಿದುಳ ಕಾಂಡದ ಭಾಗ) ಮೈಲಿನ್, ಅಂದರೆ ನರಗಳ ಹೊದಿಕೆ, ಕಳಚೀತು, ಅದು ಈ ಮಚ್ಚೆಗಿಂತ ಎಷ್ಟೋ ಕೆಟ್ಟದ್ದು. ಎರಡರಿಂದ ನಾಲ್ಕು ವಾರಕ್ಕೆ ಇನ್ನೊಂದು ಎಂಆರ್‌ಐ ಮಾಡಿಸಿ. ಮಚ್ಚೆ ಆಗಲೂ ಹಾಗೇ ಕೂತಿದ್ದರೆ ನಾನು ಹೇಳಿದ್ದನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಯೋಚಿಸಬೇಕು.