ಅಪ್‌ಡೇಟ್: ‘ಪುಟ್ ಆಫ್’ ಅಂದ್ರೆ ಆರ್ಡರ್ ಹೋಯ್ತು ಅಂತಲ್ಲ

ದಾವಣಗೆರೆಯ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ, ಮೇಲ್ ಎಲ್ಲಾ ನೋಡಿಕೊಳ್ಳೋದು ನಾನು. ಚೆನ್ನೈ ಪಾರ್ಟಿಯವರು ‘ವಿ ಹ್ಯಾವ್ ಪುಟ್ ಆಫ್ ದ ಲೋಡಿಂಗ್’ ಅಂತ ಮೇಲ್ ಹಾಕಿದ್ದರು, ಆರ್ಡರ್ ಇದೆಯಾ ಇಲ್ವಾ ಅಂತ ನಿಮ್ಮನ್ನೆಲ್ಲ ಕೇಳಿದ್ದೆ ಅಲ್ವಾ. ನೀವು ಹೇಳಿದ್ದೇ ಸರಿ. ಲೋಡಿಂಗ್ ಸೋಮವಾರಕ್ಕೆ ಮುಂದೆ ಹೋಗಿದೆ, ಅಷ್ಟೇ. ರದ್ದಾಗಿದ್ದರೆ ‘ಕಾಲ್ಡ್ ಆಫ್’ ಅಂತ ಬರೆಯುತ್ತಿದ್ದರು.

ಉತ್ತರ ಬರೆಯುವಾಗ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ‘ಇಟ್’ ಎಲ್ಲಿ ಕೂರಬೇಕು ಅನ್ನೋದು. ‘ಪುಟ್ ಆಫ್ ದ ಲೋಡಿಂಗ್’, ‘ಪುಟ್ ದ ಲೋಡಿಂಗ್ ಆಫ್’ ಎರಡೂ ನಡೆಯುತ್ತೆ, ಆದರೆ ‘ಇಟ್’ ಹಾಕಿದರೆ ಅದು ನಡುವೆಯೇ ಬರಬೇಕು, ‘ಪುಟ್ ಇಟ್ ಆಫ್’ ಅಂತ, ‘ಪುಟ್ ಆಫ್ ಇಟ್’ ಅನ್ನೋ ಹಾಗೇ ಇಲ್ಲ. ಮುಂದೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು. ಇದನ್ನು ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ‘ಪ್ಲೀಸ್ ಡೋಂಟ್ ಪುಟ್ ಆಫ್ ಪೇಯಿಂಗ್ ದ ಅಡ್ವಾನ್ಸ್’ ಅಂತ ಬರೆದು ಸಾಹುಕಾರರಿಗೆ ತೋರಿಸಿದೆ. ‘ಸರಿ ಐತಿ, ಕಳಿಸಪ್ಪ’ ಅಂದರು.

ಅಡ್ವಾನ್ಸ್ ಬಂತು. ಸೋಮವಾರಕ್ಕೆ ಲಾರಿ, ಹಮಾಲರು ಎಲ್ಲರಿಗೂ ಹೇಳಿಯಾಗಿದೆ.